ತೊಳೆದಿಟ್ಟ ಲೋಟ

"ಮಾವ, ಈ ಲೋಟದಲ್ಲಿ ಏನೋ ಸತ್ತು ಕೊಳೆತುಹೋಗಿತ್ತು. ತೊಳೆದಿಟ್ಟಿದ್ದೀನಿ ನೋಡಿ."

ಸೊಸೆ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತೋರಿಸಿದಳು. ಒಂದು ಕಲೆಯಿಲ್ಲ, ಬೆರಳಿನ ಗುರುತೂ ಇಲ್ಲ. ಅವಳ ಮಾವ, ರಿಟೈರಾದ ಬಸ್ ಡ್ರೈವರ್, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಲೋಟದಿಂದ ಕಿಟಕಿಯ ಕಟ್ಟೆಗೆ ಹೋಯಿತು, ಅಲ್ಲಿಂದ ಸಿಂಕಿಗೆ, ಸಿಂಕಿನಿಂದ ಮತ್ತೆ ಲೋಟಕ್ಕೆ.

"ಬರೀ ನೀರಲ್ಲಿ ತೊಳೆದೆಯಾ?" ಎಂದ.

"ಇಲ್ಲ ಮಾವ, ಮೇಲೆ ಬಿಳೀ ಬೂಷ್ಟು ಕಟ್ಟಿತ್ತಲ್ಲ. ಮೊದಲು ಕುದಿಯೋ ನೀರು, ಆಮೇಲೆ ಸೋಪು, ಆಮೇಲೆ ಇನ್ನೊಂದು ಸಲ ಕುದಿಯೋ ನೀರು. ಪೈಪಿಗೂ ಒಂದು ಕೆಟಲ್ ತುಂಬಾ ಸುರಿದಿದ್ದೀನಿ, ವಾಸನೆ ಹೋಗ್ಲಿ ಅಂತ."

ಅವಳು ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಬಾಯಿಗೆ ಹೋಗಿ ಬಂದ ಕೊಕ್ಕೆ, ಇಕ್ಕಳ, ಕನ್ನಡಿಗಳನ್ನೆಲ್ಲ ಕುದಿಸಿ ಒರೆಸಿ ಜೋಡಿಸಿಡುವುದೇ ಅವಳ ಕೆಲಸ. ಕುದಿಸದೆ ಇದ್ದ ಯಾವುದನ್ನೂ ಅವಳು ನಂಬುತ್ತಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದದ್ದು ಮೊನ್ನೆ. ಆಗಲೇ ಚಮಚಗಳು, ಬಾಚಣಿಗೆಗಳು, ಡ್ರೈವರನ ಬಾಯಿಗೆ ಹೊಂದದ ಕಟ್ಟುಹಲ್ಲು, ಎಲ್ಲವೂ ಒಂದು ಸುತ್ತು ಬೆಂದು ಬಂದಿದ್ದವು. "ಹುಷಾರು ಅಪ್ಪ, ಜಾಸ್ತಿ ಹೊತ್ತು ಒಂದೇ ಕಡೆ ಕೂತರೆ ನಿನ್ನನ್ನೂ ಕುದಿಸ್ತಾಳೆ," ಎಂದು ಮಗ ನಕ್ಕಿದ್ದ.

ಲೋಟದಲ್ಲಿದ್ದದ್ದು ಟೊಮೆಟೊ ಬೀಜ. ತಿರುಳಿನ ಸಮೇತ ನೀರಲ್ಲಿ ಬಿಟ್ಟು, ಅದು ಕೊಳೆತು, ಮೇಲೆ ಬೂಷ್ಟು ಕಟ್ಟಿ, ಬೀಜಕ್ಕೆ ಅಂಟಿದ ಲೋಳೆ ತಾನಾಗಿ ಬಿಡುವ ತನಕ ಕಾಯಬೇಕು. ಆಮೇಲೆ ಸೋಸಿ ಒಣಗಿಸಿ ಎತ್ತಿಡುವುದು. ಮೂಗು ಹಿಡಿದುಕೊಂಡು ಮಾಡುವ ಕೆಲಸ. ಡ್ರೈವರನ ಹೆಂಡತಿ ಅದನ್ನು ವರ್ಷವರ್ಷವೂ ಮಾಡುತ್ತಿದ್ದಳು.

ಅವರದು ಚಳಿಯ ಊರು, ಅಲ್ಲಿನ ಬೇಸಿಗೆ ಬಂದದ್ದೂ ತಿಳಿಯುತ್ತಿರಲಿಲ್ಲ, ಹೋದದ್ದೂ ತಿಳಿಯುತ್ತಿರಲಿಲ್ಲ. ಅಲ್ಲಿ ಟೊಮೆಟೊ ಬೆಳೆಯುತ್ತೇನೆ ಅಂದವಳನ್ನು ನೋಡಿ ಬೀದಿಯವರು ನಕ್ಕಿದ್ದರು. ಅವಳು ನಗುವವರ ಕಡೆ ತಿರುಗಿಯೂ ನೋಡಲಿಲ್ಲ. ಯಾವ ಗಿಡದ ಹಣ್ಣು ಎಲ್ಲಕ್ಕಿಂತ ಮೊದಲು ಕೆಂಪಾಯಿತೋ ಅದನ್ನು ತಿನ್ನದೆ ಬೀಜಕ್ಕೆ ಬಿಟ್ಟಳು. ಮರುವರ್ಷವೂ ಹಾಗೆಯೇ. ಹೀಗೆ ಮಾಡಿ ಮಾಡಿ ಆ ಬೀಜ ಆ ಹಿತ್ತಲಿನ ಚಳಿಗೆ ಒಗ್ಗಿಹೋಯಿತು. ಗಿಡದ ಎಲೆ ಆಲೂಗಡ್ಡೆ ಎಲೆಯಂತೆ ಅಗಲ. ಹಣ್ಣು ಮುಷ್ಟಿ ಬಿಗಿದಂತೆ ಮಡಿಕೆ ಮಡಿಕೆ. ಬೀದಿಗೆಲ್ಲ ಹಂಚುತ್ತಿದ್ದಳು. ಆದರೆ ಇಡೀ ಹಣ್ಣನ್ನು ಯಾರಿಗೂ ಕೊಟ್ಟವಳಲ್ಲ. ಹೆಚ್ಚಿ, ಉಪ್ಪು ಹಾಕಿಯೇ ಕೊಡುತ್ತಿದ್ದಳು, ಬೀಜ ಇನ್ನೊಬ್ಬರ ಹಿತ್ತಲು ಸೇರಬಾರದೆಂದು. ಆ ವಿಷಯದಲ್ಲಿ ಮಹಾ ಜಿಪುಣಿ.

ಕಳೆದ ಚಳಿಗಾಲದ ಕೊನೆಯಲ್ಲಿ ಅವಳು ತೀರಿಕೊಂಡಳು. ಡ್ರೈವರ್ ಎಷ್ಟು ಹುಟ್ಟುತ್ತವೋ ಏನೋ ಎಂಬ ಭಯಕ್ಕೆ ಕವರಿನಲ್ಲಿದ್ದ ಬೀಜವನ್ನೆಲ್ಲ ಒಂದೇ ಸಲ ಬಿತ್ತಿಬಿಟ್ಟ. ಹುಟ್ಟಿದವು, ಬೆಳೆದವು, ಹಣ್ಣೂ ಆದವು. ಮೊದಲ ಹಣ್ಣನ್ನು ಎತ್ತಿಡಬೇಕೆಂಬುದನ್ನೇ ಮರೆತು ತಿಂದ. ಎರಡನೆಯದನ್ನೂ ತಿಂದ. ಮಗನ ಮದುವೆಯ ಓಡಾಟದಲ್ಲಿ ಉಳಿದವು ಬಂದವರ ಬಾಯಿಗೆ ಹೋದವು. ನೆನಪಾಗಿ ಹಿತ್ತಲಿಗೆ ಓಡಿದಾಗ ಗಿಡಗಳು ಚಳಿಗೆ ಸುಟ್ಟು ಕಪ್ಪಾಗಿದ್ದವು. ಒಂದೇ ಒಂದು ಹಣ್ಣು ಸಿಕ್ಕಿತ್ತು. ಅದು ಈ ಲೋಟದಲ್ಲಿತ್ತು.

ಸೊಸೆ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ನಗು ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತ್ತು. ಬಂದ ದಿನ ಸಂಜೆಯೇ ಅವಳ ಕೈಯಿಂದ ಒಂದು ಪಿಂಗಾಣಿ ತಟ್ಟೆ ಜಾರಿ ಒಡೆದಿತ್ತು. ಹೋದರೆ ಹೋಯಿತು, ಹಳೇ ತಟ್ಟೆ ಎಂದು ಎಷ್ಟು ಹೇಳಿದರೂ ಕೇಳದೆ, ಬಿಳಿಚಿಕೊಂಡು, ಮಂಡಿಯೂರಿ ಒಂದೊಂದು ಚೂರನ್ನೂ ಆರಿಸಿ ಕರವಸ್ತ್ರದಲ್ಲಿ ಕಟ್ಟಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. "ಅಂಟಿಸಿಕೊಡ್ತೀನಿ ಮಾವ." ಅವಳು ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು, ಅಲ್ಲಿ ಒಂದು ಬಟ್ಟಲು ಒಡೆದರೆ ವರ್ಷವಿಡೀ ಊಟದ ಜೊತೆ ಅದರ ಬೈಗುಳವನ್ನೂ ಬಡಿಸುತ್ತಿದ್ದರು ಎಂದು ಮಗ ಆಮೇಲೆ ಹೇಳಿದ್ದ.

"ಒಳ್ಳೇದಾಯ್ತು ಬಿಡಮ್ಮ," ಎಂದ ಡ್ರೈವರ್. "ಏನೋ ಇಟ್ಟು ಮರೆತುಬಿಟ್ಟಿದ್ದೆ. ಟೀ ಇದೆಯಾ?"

ಟೀ ಇತ್ತು. ಅವಳು ಅದೇ ಲೋಟದಲ್ಲಿ ಕೊಟ್ಟಳು. ಅವನು ಕುಡಿದ.

ಮಾರನೆಯ ದಿನ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಅವನು ಸಿಂಕಿನ ಕೆಳಗೆ ತೂರಿ, ಬಾಗಿದ ಪೈಪನ್ನು ಬಿಚ್ಚಿದ. ಕಪ್ಪು ಲೋಳೆಯ ನಡುವೆ ಹೆಂಡತಿಯದೊಂದು ತಲೆಪಿನ್ನು, ಒಂದಿಷ್ಟು ಬೀಜ. ಬೀಜಗಳನ್ನು ಉಗುರಿನಿಂದ ಆರಿಸಿ, ಹಸಿ ಬಟ್ಟೆಯಲ್ಲಿ ಸುತ್ತಿ, ತನ್ನ ಹಾಸಿಗೆಯ ಪಕ್ಕದಲ್ಲಿ ಬೆಚ್ಚಗಿಟ್ಟುಕೊಂಡು ಕಾದ. ಒಂದೂ ಮೊಳಕೆ ಒಡೆಯಲಿಲ್ಲ. ಎರಡೆರಡು ಸಲ ಬೆಂದ ಬೀಜ ಮೊಳೆಯುವುದಾದರೂ ಹೇಗೆ? ಪಕ್ಕದ ಮನೆಯ ಇಂಜೆಕ್ಷನ್ ಅಮ್ಮನ ಹತ್ತಿರವೂ ಬೀಜ ಕೇಳಲು ಹೋದ. ಆಕೆ ನಿವೃತ್ತ ನರ್ಸು. ಸೂಜಿ ಬಿಟ್ಟರೂ ಚುಚ್ಚುವುದನ್ನು ಬಿಟ್ಟಿರಲಿಲ್ಲ.

"ನನ್ನ ಹತ್ರ ಎಲ್ಲಿಂದ ಬರಬೇಕು ಡ್ರೈವರೇ?" ಎಂದಳು. "ನಿಮ್ಮ ಹೆಂಡತಿ ಉಪ್ಪು ಹಾಕದೆ ಯಾವತ್ತಾದರೂ ಕೊಟ್ಟಿದ್ದಾಳಾ? ನಾನೂ ಒಂದು ವರ್ಷ ಕದ್ದು ತೊಳೆದು ನೆಟ್ಟು ನೋಡಿದೆ. ಉಪ್ಪು ತಿಂದ ಬೀಜ ಹುಟ್ಟಲಿಲ್ಲ. ಈಗ ನಿಮಗ್ಯಾಕೆ? ಎತ್ತಿಟ್ಟಿರಲಿಲ್ವಾ?"

"ಎತ್ತಿಟ್ಟಿದ್ದೀನಿ. ಸುಮ್ಮನೆ ಕೇಳ್ದೆ," ಎಂದು ಅವನು ಬೇಲಿ ದಾಟಿ ಬಂದ.

ಚಳಿಗಾಲವೆಲ್ಲ ಅವನು ಹಿತ್ತಲಿನ ಕಡೆ ಹೋಗಲಿಲ್ಲ. ಅಲ್ಲೊಂದು ಗಾಜಿನ ಗೂಡು ಇತ್ತು. ಗುಜರಿಗೆ ಹೋಗುತ್ತಿದ್ದ ತನ್ನದೇ ಬಸ್ಸಿನ ಕಿಟಕಿಗಳನ್ನು ಡಿಪೋದಿಂದ ಕೇಳಿ ತಂದು, ಹೆಂಡತಿಯ ಗಿಡಗಳಿಗೆಂದು ಅವನೇ ಜೋಡಿಸಿ ಕಟ್ಟಿದ್ದು. 'ತಲೆ, ಕೈ ಹೊರಗೆ ಚಾಚಬಾರದು' ಎಂಬ ಬರಹ ಒಂದು ಗಾಜಿನ ಕೆಳಗೆ ಹಾಗೇ ಉಳಿದಿತ್ತು. ಗಿಡಗಳು ಆ ಮಾತನ್ನು ಯಾವ ವರ್ಷವೂ ಕೇಳಿರಲಿಲ್ಲ. ಈಗ ಅದರೊಳಗೆ ಖಾಲಿ ಕುಂಡಗಳು ಒಂದರೊಳಗೊಂದು ಕೂತಿದ್ದವು. ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದ.

ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಒಂದು ಬೆಳಿಗ್ಗೆ ಸೊಸೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೇಳಿದಳು:

"ಮಾವ, ಅತ್ತೆ ಟೊಮೆಟೊ ಯಾವಾಗ ಬಿತ್ತೋದು? ಈ ಸಲ ನನಗೂ ಕಲಿಸ್ತೀರಾ?"

ಡ್ರೈವರ್ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟ. ಮಗ ತಲೆಯೆತ್ತಿ, "ಹೌದಲ್ಲ ಅಪ್ಪ, ಅಮ್ಮ ಇಷ್ಟೊತ್ತಿಗೆ ಬಿತ್ತಿರ್ತಿದ್ದಳು," ಎಂದ.

"ಬಿತ್ತೋಣ, ಬಿತ್ತೋಣ. ಭಾನುವಾರ," ಎಂದ ಡ್ರೈವರ್.

ಅವತ್ತೇ ಬಸ್ಸು ಹತ್ತಿ ಪೇಟೆಗೆ ಹೋದ. ಬಸ್ಸು ಓಡಿಸುವ ಹುಡುಗನ ಹಿಂದಿನ ಸೀಟಿನಲ್ಲೇ ಕೂತು, ಅವನು ಗೇರ್ ಹಾಕುವಾಗಲೆಲ್ಲ ತಾನೂ ಹಲ್ಲು ಕಚ್ಚಿದ. ಬೀಜದಂಗಡಿಯ ಹುಡುಗಿ ಯಾವ ತಳಿ ಬೇಕು ಎಂದು ಕೇಳಿದಳು.

"ಚಳಿಗೆ ಹೆದರದ್ದು."

"ಎಲ್ಲಾ ಪೊಟ್ಟಣದ ಮೇಲೂ ಹಾಗೇ ಬರೆದಿರ್ತಾರೆ ತಾತ."

"ಹಾಗಾದ್ರೆ ಅದರಲ್ಲಿ ಸ್ವಲ್ಪ ಕಮ್ಮಿ ಸುಳ್ಳು ಹೇಳೋದು ಯಾವುದೋ ಅದನ್ನೇ ಕೊಡಮ್ಮ."

ಮನೆಗೆ ಬಂದು, ಹೆಂಡತಿಯ ಖಾಲಿ ಕವರನ್ನು ಚಹಾ ಡಬ್ಬಿಯಿಂದ ತೆಗೆದ. ಅದರ ಮೇಲೆ ಅವಳು ಪೆನ್ಸಿಲಿನಲ್ಲಿ ಬರೆದದ್ದು ಒಂದೇ ಪದ: 'ನಮ್ಮದು'. ಅಂಗಡಿಯ ಬೀಜವನ್ನು ಅದರೊಳಕ್ಕೆ ಸುರಿಯುವಾಗ ಕೈ ಸ್ವಲ್ಪ ತಡೆಯಿತು. ಸುರಿದ. ಬಣ್ಣದ ಪೊಟ್ಟಣವನ್ನು ಮುದುಡಿ ಒಲೆಗೆ ಹಾಕಿದ.

ಭಾನುವಾರ ಇಬ್ಬರೂ ಕಾಗದದ ಕಪ್ಪುಗಳಿಗೆ ಮಣ್ಣು ತುಂಬಿದರು. ಸೊಸೆ ಮಣ್ಣನ್ನು ಕುದಿಸಬೇಕಾ ಎಂದು ಕೇಳಿದಳು. ಬೇಡ ಎಂದ. ಕಪ್ಪುಗಳನ್ನು ಕುದಿಸಬೇಕಾ? "ಏನನ್ನೂ ಕುದಿಸಬೇಡ ಮಾರಾಯ್ತಿ, ನಿನ್ನ ಕೈಯನ್ನ ಎಲ್ಲಾದರೂ ಒಂದು ಕಡೆ ಕಟ್ಟಿಹಾಕು," ಎಂದ. ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಅವಳು ನಕ್ಕಳು. ಬಂದಾಗಿನಿಂದ ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕದ್ದು ಅದೇ ಮೊದಲು.

ಕಪ್ಪುಗಳು ಒಲೆಯ ಹಿಂದಿನ ಬೆಚ್ಚನೆಯ ಹಲಗೆಯ ಮೇಲೆ ಕೂತವು. ದಿನಾ ಬೆಳಿಗ್ಗೆ ಅವಳು ಬಗ್ಗಿ ನೋಡುವಳು. ಒಂದು ಹುಟ್ಟಿತು, ಮತ್ತೆರಡು ಹುಟ್ಟಿದವು, ಉಳಿದವು ಹುಟ್ಟಲಿಲ್ಲ. ಅವಳು ತಾನೇ ಏನೋ ತಪ್ಪು ಮಾಡಿದವಳಂತೆ ನಿಂತಾಗ ಡ್ರೈವರ್, "ಎಲ್ಲರೂ ಒಂದೇ ಸ್ಟಾಪಲ್ಲಿ ಹತ್ತಲ್ಲಮ್ಮ," ಎಂದ. ಮುಂದಿನ ವಾರ ಉಳಿದವೂ ಹತ್ತಿದವು.

ಸಸಿಗಳನ್ನು ಕಿಟಕಿಗೆ ತಂದಾಗ ಅವನು ಅಂಗೈಯನ್ನು ಅವುಗಳ ನೆತ್ತಿಯ ಮೇಲೆ ಮೆಲ್ಲಗೆ ಆಡಿಸಿ ತೋರಿಸಿದ. "ಹೀಗೆ ದಿನಾ ತಲೆ ಸವರಬೇಕು. ಹೊರಗಾದರೆ ಗಾಳಿ ಅಲ್ಲಾಡಿಸುತ್ತೆ. ಮನೆಯೊಳಗೆ ಗಾಳಿಯಿಲ್ಲ, ಕಾಲು ಗಟ್ಟಿಯಾಗಲ್ಲ. ನಿಮ್ಮತ್ತೆ ಟೀ ಇಡೋಕೆ ಮುಂಚೆ ಇವಕ್ಕೆ ತಲೆ ಸವರ್ತಿದ್ದಳು. ನನಗೆ ಒಂದು ದಿನ ಸವರಲಿಲ್ಲ."

"ನಿಮ್ಮ ಕಾಲು ಗಟ್ಟಿ ಇತ್ತಲ್ಲ ಮಾವ," ಎಂದಳು ಸೊಸೆ.

ಅವನು ಹಿತ್ತಲಿಗೂ ಕೇಳುವಷ್ಟು ಜೋರಾಗಿ ನಕ್ಕ. ಆಮೇಲೆ ಕಪ್ಪುಗಳನ್ನು ಒಂದೊಂದಾಗಿ ಬೆಳಕಿನ ಕಡೆ ತಿರುಗಿಸಿಟ್ಟ. ಎಲ್ಲ ಸರಿಯಾಗಿಯೇ ಇತ್ತು. ಕಪ್ಪು, ಮಣ್ಣು, ಕಿಟಕಿ, ಸವರುವ ಕೈ, ಎಲ್ಲ ಮೊದಲಿನಂತೆಯೇ. ಬೀಜ ಮಾತ್ರ ಯಾರದೋ.

ಎಲೆ ಬಿಟ್ಟಾಗ ಮಗನಿಗೆ ಗೊತ್ತಾಯಿತು. ಅವನು ಲಿಫ್ಟ್ ರಿಪೇರಿಯವನು. ಯಾವ ಹಗ್ಗದ ಎಷ್ಟು ಎಳೆ ಸವೆದಿದೆ ಎಂದು ಕತ್ತಲಲ್ಲಿ ನೋಡಿ ಹೇಳುವವನ ಕಣ್ಣು. "ಅಪ್ಪ, ಅಮ್ಮನ ಗಿಡದ ಎಲೆ ಅಗಲ ಇರ್ತಿತ್ತಲ್ಲ? ಇದರ ಅಂಚಿಗೆ ಹಲ್ಲು ಹಲ್ಲು ಇದೆ," ಎಂದ, ಸೊಸೆಯ ಎದುರಿಗೇ. ಡ್ರೈವರ್ ಕೆಮ್ಮುತ್ತಾ ಎದ್ದು, ಗಾಜಿನ ಗೂಡಿನ ಬಾಗಿಲು ಕಚ್ಚಿಕೊಂಡಿದೆ, ಸ್ವಲ್ಪ ಬಂದು ನೋಡು ಎಂದು ಮಗನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ. ಬಸ್ಸಿನ ಕಿಟಕಿಗಳ ನಡುವೆ ನಿಂತು ಎಲ್ಲವನ್ನೂ ಹೇಳಿದ.

ಮಗ ಖಾಲಿ ಕುಂಡವೊಂದನ್ನು ಎತ್ತಿ ಮತ್ತೆ ಕೆಳಗಿಟ್ಟ. "ಅಂದ್ರೆ ಅಮ್ಮಂದು ಒಂದೂ ಇಲ್ಲ."

"ಒಂದೂ ಇಲ್ಲ."

"ಹೇಳಿಬಿಡೋಣಪ್ಪ. ಅವಳೇನು ಬೇಕಂತ ಮಾಡಿದ್ದಾ? ಒಂದು ದಿನ ಅಳ್ತಾಳೆ, ಮುಗೀತು."

"ಆ ತಟ್ಟೆ ಚೂರು ಇನ್ನೂ ಅವಳ ಪೆಟ್ಟಿಗೇಲೇ ಇದೆಯೇನೋ?"

ಮಗ ತಲೆ ತಗ್ಗಿಸಿದ. "ಇದೆ."

"ಹಾಗಾದ್ರೆ ಬಾಯಿ ಮುಚ್ಕೊಂಡಿರು. ಮೊದಲ ಹಣ್ಣನ್ನು ಮಾತ್ರ ಎತ್ತಿಡೋದು ತಪ್ಪಬಾರದು. ನಾನು ಮೊದಲನೇದು ತಿನ್ನದೆ ಇದ್ದಿದ್ದರೆ ಇಷ್ಟೆಲ್ಲ ಇರ್ತಿರಲಿಲ್ಲ. ನನ್ನ ಹೊಟ್ಟೆಯ ತಪ್ಪಿಗೆ ಅವಳ್ಯಾಕೆ ಅಳಬೇಕು?"

ಒಳಗೆ ಬಂದ ಮಗ ಹೆಂಡತಿಗೆ, "ಎಲೆ ಹೀಗೇ ಇರ್ತಿತ್ತು, ನನಗೇ ಮರೆತುಹೋಗಿತ್ತು," ಎಂದ. ಸುಳ್ಳು ಹೇಳಲು ಬಾರದವನು. ಕಿವಿ ಕೆಂಪಗಾಗಿತ್ತು. ಅವಳು ಸಸಿಗಳ ತಲೆ ಸವರುತ್ತಾ, "ಹೂಂ," ಎಂದಳು, ಅಷ್ಟೆ.

ಗಿಡಗಳನ್ನು ಗಾಜಿನ ಗೂಡಿನೊಳಗೆ ನೆಲಕ್ಕೆ ಇಳಿಸಿ, ಅರ್ಧ ಕಾಂಡವನ್ನೇ ಮಣ್ಣಿನಲ್ಲಿ ಹೂತು, ಇನ್ನೇನು ಬೇಸಿಗೆ ಬಂತು ಅನ್ನುವಾಗ ಒಂದು ಸಂಜೆ ಆಕಾಶ ಒಂದೂ ಮೋಡವಿಲ್ಲದೆ ತಣ್ಣಗೆ ತೊಳೆದಂತಾಯಿತು. ಡ್ರೈವರನಿಗೆ ಮೂಗಿನಲ್ಲೇ ಗೊತ್ತಾಯಿತು. ಬೆಳಗಾಗುವುದರೊಳಗೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಅವನು ತನ್ನ ಹಳೇ ಯೂನಿಫಾರ್ಮ್ ಕೋಟು ತಂದು ಹೊದಿಸಿದ. ಮಗ ಗೋಣಿಚೀಲ ತಂದ. ಸೊಸೆ ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಅವಳ ತೋಳಿನ ತುಂಬ ಬಾಟಲಿಗಳಿದ್ದವು. ಮನೆಯಲ್ಲಿದ್ದ ಗಾಜಿನ ಬಾಟಲಿಗಳಿಗೆಲ್ಲ ಕುದಿಯುವ ನೀರು ತುಂಬಿ, ಕಾಲುಚೀಲ ತೊಡಿಸಿ ತಂದಿದ್ದಳು.

"ಗಿಡಕ್ಕೆ ತಾಗಬಾರದು, ಪಕ್ಕದಲ್ಲಿ ಮಲಗಿಸಿದರೆ ಸಾಕು, ಅಲ್ವಾ ಮಾವ?"

ಒಂದೊಂದು ಗಿಡದ ಪಕ್ಕದಲ್ಲೂ ಕಾಲುಚೀಲ ತೊಟ್ಟ ಒಂದೊಂದು ಬಾಟಲಿ ಮಲಗಿತು. ಬಸ್ಸಿನ ಗಾಜುಗಳೆಲ್ಲ ಒಳಗಿನಿಂದ ಬೆವರಿದವು. ಬೆಳಿಗ್ಗೆ ಬೀದಿಯ ಹುಲ್ಲೆಲ್ಲ ಬೆಳ್ಳಗಾಗಿತ್ತು. ಇಂಜೆಕ್ಷನ್ ಅಮ್ಮನ ಹೂಗಿಡಗಳು ತಲೆ ಚೆಲ್ಲಿದ್ದವು. ಕೋಟು ಎತ್ತಿ ನೋಡಿದರೆ ಟೊಮೆಟೊ ಗಿಡಗಳು ಏನೂ ಆಗದವರಂತೆ ನಿಂತಿದ್ದವು. "ನಿನ್ನ ಕುದಿಸೋ ಚಟ ಕೊನೆಗೂ ಉಪಯೋಗಕ್ಕೆ ಬಂತು ನೋಡು," ಎಂದ ಮಗ. ಡ್ರೈವರ್ ಅವನನ್ನು ದುರುಗುಟ್ಟಿ ನೋಡಿದ. ಸೊಸೆ ತಣ್ಣಗಾದ ಬಾಟಲಿಗಳಿಂದ ಕಾಲುಚೀಲ ಕಳಚುತ್ತಿದ್ದಳು.

ಬೇಸಿಗೆಯ ಕೊನೆಯಲ್ಲಿ ಮೊದಲ ಹಣ್ಣು ಕೆಂಪಾಯಿತು. ಗುಂಡಗೆ, ನುಣ್ಣಗೆ, ಚೆಂಡಿನಂತೆ. ಅದರ ಬೆನ್ನಿಗೇ ಇನ್ನೊಂದಷ್ಟು. ಡ್ರೈವರ್ ಅವನ್ನು ಕೊಯ್ದು ಅಡಿಗೆಮನೆಯ ಮೇಜಿನ ಮೇಲೆ ಇಟ್ಟಿದ್ದ, ಮೊದಲನೆಯದನ್ನು ಬೇರೆಯಾಗಿ. ಮೂವರೂ ಸುತ್ತ ನಿಂತಿದ್ದರು. ಹಿತ್ತಲ ಬಾಗಿಲಿನಿಂದ ಇಂಜೆಕ್ಷನ್ ಅಮ್ಮ ಬಂದಳು. ಬಾಗಿಲು ತಟ್ಟುವ ಅಭ್ಯಾಸ ಆಕೆಗೆ ವಾರ್ಡಿನಲ್ಲೂ ಇರಲಿಲ್ಲ.

"ಆಯ್ತಾ ಹಣ್ಣು? ಎಲ್ಲಿ, ಉಪ್ಪು ಹಾಕಿದ್ದು ನನ್ನ ಪಾಲಿಂದು?" ಎಂದು ಒಂದನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಮೂಸಿ ನೋಡಿ, ಹುಬ್ಬು ಗಂಟಿಕ್ಕಿದಳು. ಡ್ರೈವರ್ ಆಕೆಯ ಕಣ್ಣಿಗೆ ಬೀಳುವಂತೆ ಬೇಡವೆಂದು ತಲೆ ಅಲ್ಲಾಡಿಸಿದ. ಮಗ ಕೆಮ್ಮಿದ. ಇಂಜೆಕ್ಷನ್ ಅಮ್ಮ ಯಾವುದಕ್ಕೂ ತಡೆದು ನಿಲ್ಲುವವಳಲ್ಲ.

"ಇದು ಅವಳ ಹಣ್ಣಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಡ್ರೈವರ್ ಬೇರೆಯಾಗಿಟ್ಟಿದ್ದ ಮೊದಲ ಹಣ್ಣನ್ನು ತನ್ನ ಕಡೆ ಎಳೆದುಕೊಂಡ. ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಇನ್ನೇನು ನೆಲಕ್ಕೆ ಬಿದ್ದು ಚೂರಾಗುತ್ತದೆ, ಈ ಹುಡುಗಿ ಮತ್ತೆ ಮಂಡಿಯೂರುತ್ತಾಳೆ ಅನ್ನಿಸಿತು.

"ಹೌದಮ್ಮ, ಅತ್ತೆಯದ್ದಲ್ಲ," ಎಂದಳು ಸೊಸೆ. "ಅತ್ತೆ ಬೀಜಾನ ನಾನು ತೊಳೆದು ಚೆಲ್ಲಿಬಿಟ್ಟೆ. ಇದು ಮಾವಂದು."

ಡ್ರೈವರ್ ಅವಳ ಕಡೆ ತಿರುಗಿದ. "ನಿನಗೆ ಯಾರು ಹೇಳಿದ್ದು?" ಎಂದು ಮಗನನ್ನು ನೋಡಿದ. ಮಗ ಎರಡೂ ಕೈ ಎತ್ತಿದ.

"ಇವರೇ ಮಾವ." ಸೊಸೆ ಇಂಜೆಕ್ಷನ್ ಅಮ್ಮನ ಕಡೆ ಗದ್ದ ಎತ್ತಿದಳು. "ಚಳಿಗಾಲದಲ್ಲೇ ಕೇಳಿದ್ದೆ, ಟೊಮೆಟೊ ಬೀಜ ಹೇಗೆ ತೆಗೀತಾರೆ ಅಂತ. ಲೋಟಕ್ಕೆ ಹಾಕಿ, ಬೂಷ್ಟು ಕಟ್ಟೋ ತನಕ ಕೊಳೆಸ್ತಾರೆ ಅಂದ್ರು. ನಿಮಗೆ ಆಶ್ಚರ್ಯ ಆಗ್ಲಿ ಅಂತ ಕೇಳಿದ್ದು. ಕೇಳಿ ನನಗೇ ಆಯ್ತು."

"ಚಳಿಗಾಲದಲ್ಲಿ..." ಡ್ರೈವರ್ ಕುರ್ಚಿ ಎಳೆದು ಕೂತ. "ಗೊತ್ತಿದ್ದೂ ಅತ್ತೆ ಟೊಮೆಟೊ ಯಾವಾಗ ಬಿತ್ತೋದು ಅಂತ ಕೇಳಿದೆಯಾ?"

"ಆವಾಗಲಾದರೂ ಬೈತೀರೇನೋ ಅಂದ್ಕೊಂಡೆ. ಅವತ್ತು ಒಲೆ ಬೂದಿ ತೆಗೆಯುವಾಗ ಪೊಟ್ಟಣದ ತುಂಡು ಸಿಕ್ತು. ಅರ್ಧ ಟೊಮೆಟೊ ಚಿತ್ರ." ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ದಿನಾ ಕಾಯ್ತಿದ್ದೆ ಮಾವ, ಇವತ್ತು ಬೈತಾರೆ, ನಾಳೆ ಬೈತಾರೆ ಅಂತ. ಆಮೇಲೆ ಯಾವತ್ತೋ ಕಾಯೋದೇ ಮರೆತುಹೋಯ್ತು."

ಇಂಜೆಕ್ಷನ್ ಅಮ್ಮ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿ, "ನೀವು ಮೂರು ಜನ ಒಂದೇ ಮನೇಲಿ ಇದ್ದೀರಾ, ಬೇರೆ ಬೇರೆ ಊರಲ್ಲಾ?" ಎಂದಳು. ಆದರೆ ಆಕೆಯ ದನಿ ಮೆತ್ತಗಾಗಿತ್ತು.

ಸೊಸೆ ಒಳಗೆ ಹೋದಳು. ಪೆಟ್ಟಿಗೆಯ ಚಿಲಕ ತೆಗೆದ ಸದ್ದಾಯಿತು. ಬಂದಾಗ ಅವಳ ಕೈಯಲ್ಲಿ ಆ ಪಿಂಗಾಣಿ ತಟ್ಟೆ ಇತ್ತು. ಹಲ್ಲಿಗೆ ಹಾಕುವ ಅಂಟನ್ನು ಡಾಕ್ಟರನ್ನು ಕೇಳಿ ತಂದು ಅಂಟಿಸಿದ್ದಳು. ಬಿಳಿಯ ಮೇಲೆ ನದಿಗಳ ನಕ್ಷೆಯಂತೆ ಗೆರೆಗಳು. ಒಂದು ಕಡೆ ಚಿಕ್ಕ ಚೂರೊಂದು ಸಿಗದೆ ಅಂಚು ಕುಳಿಬಿದ್ದಿತ್ತು. ಅವಳು ಒಂದೆರಡು ಹಣ್ಣುಗಳನ್ನು ಹೆಚ್ಚಿ ಅದರ ಮೇಲೆ ಹರಡಿ, ಉಪ್ಪು ಉದುರಿಸಿ ಮೇಜಿನ ನಡುವೆ ಇಟ್ಟಳು. ರಸ ಗೆರೆಗಳಗುಂಟ ಹರಿಯಿತು. ಸೋರಲಿಲ್ಲ.

ಮಗ ಮೊದಲು ತಿಂದ. "ಅಮ್ಮನ ಹಣ್ಣಿನಷ್ಟು ಹುಳಿ ಇಲ್ಲ," ಎಂದ.

"ಇಲ್ಲ," ಎಂದ ಡ್ರೈವರ್. ಇನ್ನೊಂದು ಹೋಳು ತೆಗೆದುಕೊಂಡ.

ಇಂಜೆಕ್ಷನ್ ಅಮ್ಮ ಹೊರಟಾಗ ಸೊಸೆ ಆಕೆಯ ಕೈಗೆ ಒಂದು ಇಡೀ ಹಣ್ಣು ಕೊಟ್ಟಳು. ಆಕೆ ಅದನ್ನು ನೋಡಿದಳು, ಡ್ರೈವರನನ್ನು ನೋಡಿದಳು, "ಉಪ್ಪು?" ಎಂದಳು. "ನಿಮ್ಮನೇಲಿ ಇಲ್ವಾ?" ಎಂದಳು ಸೊಸೆ. ಇಂಜೆಕ್ಷನ್ ಅಮ್ಮ ಹಣ್ಣನ್ನು ಸೆರಗಿನೊಳಗೆ ಇಟ್ಟುಕೊಂಡು, ಯಾರಾದರೂ ಮನಸ್ಸು ಬದಲಾಯಿಸುವ ಮೊದಲೇ ಬೇಲಿ ದಾಟಿದಳು.

ಬೇರೆಯಾಗಿ ಇಟ್ಟಿದ್ದ ಮೊದಲ ಹಣ್ಣನ್ನು ಡ್ರೈವರ್ ಕುಯ್ದ. ತಿರುಳನ್ನು ಸೊಸೆಯೇ ಚಮಚದಲ್ಲಿ ಕೆರೆದು ಆ ಗಾಜಿನ ಲೋಟಕ್ಕೆ ಹಾಕಿ, ನೀರು ಬಿಟ್ಟು, ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಪಕ್ಕದಲ್ಲಿ ಖಾಲಿ ಕವರನ್ನು ಗೋಡೆಗೆ ಒರಗಿಸಿದಳು, ಪೆನ್ಸಿಲಿನ ಬರಹ ಕಾಣುವಂತೆ.

ಕೆಲವು ದಿನಗಳಲ್ಲಿ ನೀರಿನ ಮೇಲೆ ಬಿಳೀ ಬೂಷ್ಟು ಕಟ್ಟಿತು. ಅಡಿಗೆಮನೆಗೆ ವಾಸನೆ ಹಿಡಿಯಿತು. ಬೆಳಿಗ್ಗೆ ಮೂವರೂ ಅದರ ಪಕ್ಕದಲ್ಲೇ ಕೂತು ಟೀ ಕುಡಿದರು. ಯಾರೂ ಎದ್ದು ಕಿಟಕಿ ತೆರೆಯಲಿಲ್ಲ.